ಅರ್ಧ ಡಬ್ಬ ಗೋಧಿ

ಟಪ್, ಟಪ್, ಟಪ್. ಅಗಲವಾದ ಬೆಲ್ಟಿಗೆ ಜೋಡಣೆ ಹಾಕಿದ್ದ ಜಾಗ ಚಕ್ರದ ಮೇಲೆ ಹಾದಾಗಲೆಲ್ಲ ಬರುತ್ತಿದ್ದ ಸದ್ದು ಅದು. ಅದರ ಕೆಳಗೆ ಬೀಸುವ ಕಲ್ಲುಗಳ ಒಂದೇ ಸಮದ ಗುಂಯ್ ಅನ್ನೋ ದನಿ, ಅದರ ಮೇಲೆ ಹೆಂಗಸರ ಮಾತು. ಹಿಟ್ಟಿನ ಮಿಲ್ಲಿನಲ್ಲಿ ಯಾರೂ ಮೆಲ್ಲಗೆ ಮಾತಾಡುವ ಹಾಗಿರಲಿಲ್ಲ. ಅತ್ತೆಯ ಮೇಲಿನ ದೂರು, ಸೊಸೆಯ ಮೇಲಿನ ದೂರು, ಡಾಕ್ಟರು ಹೇಳಿದ ಗುಟ್ಟು, ಎಲ್ಲವನ್ನೂ ಕೂಗಿಯೇ ಹೇಳಬೇಕು. ಒಮ್ಮೆ ಮಾತಿನ ಮಧ್ಯೆ ಕರೆಂಟ್ ಹೋಗಿಬಿಟ್ಟಿತು. "ನಮ್ಮೆಜಮಾನ್ರು ಗೊರಕೆ ಹೊಡೆದ್ರೆ ಪಕ್ಕದ್ಮನೆ ನಾಯಿ ಎದ್ದು ಬೊಗಳುತ್ತೆ ಕಣ್ರೀ" ಅನ್ನೋ ಮಾತು ನಿಶ್ಶಬ್ದದಲ್ಲಿ ಇಡೀ ರಸ್ತೆಗೆ ಕೇಳಿಸಿತು. ಆ ಯಜಮಾನರು ಹೊರಗೇ ಸೈಕಲ್ ಹಿಡಿದು ನಿಂತಿದ್ದರು.

ಆ ಮಿಲ್ಲನ್ನು ಕೊಳ್ಳಲು ನಾನು ಹೋದ ಕಥೆ ಇದು. ನಮ್ಮ ಮಕ್ಕಳು ಎಷ್ಟೋ ಸಲ, "ಅಮ್ಮಾ, ಬರೆದಿಡು" ಅಂದಿದ್ದಾರೆ. ನನ್ನ ಕನ್ನಡದ ಬಗ್ಗೆ ನನಗೇ ಕಾನ್ಫಿಡೆನ್ಸ್ ಇರಲಿಲ್ಲ, ಮುಂದೂಡುತ್ತಾ ಬಂದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ, ಬೆಳೆದದ್ದು ಅದರ ಬೋರ್ಡಿಂಗಿನಲ್ಲಿ. ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ರಜೆಯಲ್ಲಿ ಅಜ್ಜಿಯ ಜೊತೆ ಆಡಿದ ಕನ್ನಡವಷ್ಟೇ ನನ್ನದು. ಉಳಿದದ್ದನ್ನೆಲ್ಲ ಕಲಿಸಿದ್ದು ಆ ಮಿಲ್ಲಿನ ಕ್ಯೂ. ಹಾಗಾಗಿ ಇದರಲ್ಲಿ ಏನಾದರೂ ತಪ್ಪಿದ್ದರೆ ಬೋರ್ಡಿಂಗಿನ ಸಿಸ್ಟರುಗಳನ್ನು ಬೈಯಿರಿ, ಮಿಲ್ಲನ್ನು ಬೈಯಬೇಡಿ.

ಮಿಲ್ಲಿದ್ದದ್ದು ಜಯನಗರ ಮುಗಿದು ಜೆ.ಪಿ. ನಗರ ಶುರುವಾಗುವ ಕಡೆ, ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆಯಲ್ಲಿ. ನಡೆಸುತ್ತಿದ್ದವರು ಗಂಡ ಹೆಂಡತಿ, ಅಲ್ಲಿನದೇ ಹಳೇ ಹಳ್ಳಿಯ ರೈತರು. ಅವರ ರಾಗಿ ಹೊಲ ಲೇಔಟಿಗೆ ಹೋದಾಗ ಬಂದ ಪರಿಹಾರದಲ್ಲಿ ಮಿಲ್ಲು ಹಾಕಿದ್ದರು. "ಬೆಳೆಯೋಕೆ ಜಾಗ ಇಲ್ಲ ಅಂದ್ಮೇಲೆ ಬೀಸೋದಾದ್ರೂ ಬೀಸೋಣ ಅಂತ" ಎನ್ನುತ್ತಿದ್ದರು ಮಿಲ್ಲಿನ ಯಜಮಾನರು. ಕಪ್ಪು ಮನುಷ್ಯ, ಆದರೆ ಮಧ್ಯಾಹ್ನದ ಹೊತ್ತಿಗೆ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿರುತ್ತಿತ್ತು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಡಬ್ಬಗಳನ್ನು ಸಾಲಿಗಿಡುವುದು, ಯಾರದು ಮೊದಲು ಅನ್ನೋ ಜಗಳ ಬಿಡಿಸುವುದು, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ "ಸಾಕಾ, ಇನ್ನೂ ನುಣ್ಣಗೆ ಬೇಕಾ" ಅಂತ ಕೇಳುವುದು, ಎಲ್ಲ ಅಕ್ಕನದೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೊಮ್ಮನಹಳ್ಳಿ ಕಡೆ ನಮ್ಮವರು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಗೆ ಲಾಕೌಟ್ ಆಯಿತು. ಇವತ್ತು ಗೇಟು ತೆಗೀತಾರೆ, ನಾಳೆ ತೆಗೀತಾರೆ ಅಂತ ದಿನಾ ಬೆಳಿಗ್ಗೆ ಶೇವ್ ಮಾಡಿಕೊಂಡು ರೆಡಿಯಾಗಿ ಕೂರುತ್ತಿದ್ದರು. ಪಾಪ, ಅದನ್ನು ನೋಡುವುದೇ ನನಗೆ ಕಷ್ಟ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಸ್ಕೂಲಿನಲ್ಲಿ. ನಮ್ಮಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆಂದು ಬಂದ ಸ್ವಲ್ಪ ಹಣ ಬ್ಯಾಂಕಿನಲ್ಲಿತ್ತು. ಅದು ತಿಂಗಳು ತಿಂಗಳೂ ಸೋಪಿನ ಹಾಗೆ ಸವೆಯುತ್ತಿತ್ತು. ಟೀಚರ್ ಕೆಲಸಕ್ಕೆ ಅಲೆದೆ. ಇಂಗ್ಲಿಷ್ ಚೆನ್ನಾಗಿದೆ, ಆದರೆ ಬಿ.ಎಡ್. ಇಲ್ಲವಲ್ಲ ಅಂದರು. ಸೋಪು ಪೂರ್ತಿ ಮುಗಿಯುವ ಮೊದಲು ಏನಾದರೂ ಮಾಡಲೇಬೇಕಿತ್ತು.

ಆ ಹೊತ್ತಿಗೆ ಸರಿಯಾಗಿ ಮಿಲ್ಲು ಮಾರಾಟಕ್ಕಿದೆ ಅನ್ನೋ ಸುದ್ದಿ ಕ್ಯೂನಲ್ಲೇ ಕಿವಿಗೆ ಬಿತ್ತು. ಯಜಮಾನರಿಗೆ ಹಿಟ್ಟಿನ ಧೂಳಿನಿಂದ ಕೆಮ್ಮು ಹತ್ತಿತ್ತು. ಬಿಟ್ಟುಬಿಡಿ ಅಂದಿದ್ದರಂತೆ ಡಾಕ್ಟರು. ಉತ್ತರಹಳ್ಳಿಯಲ್ಲಿ ಒಂದು ತುಂಡು ಜಮೀನು ಉಳಿದಿತ್ತು, ಅಲ್ಲಿ ಎರಡು ಹಸು ಕಟ್ಟಿಕೊಂಡಿರೋಣ ಅಂತ ಅವರ ಯೋಚನೆ. ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡೋ ಅಂಗಡಿ ಹಾಕಬೇಕು ಅಂತ ಒಬ್ಬರು ಆಗಲೇ ಬಂದು ಕೇಳಿಹೋಗಿದ್ದರು. ಆಷಾಢ ಅಂತ ಅಡ್ವಾನ್ಸ್ ಮುಟ್ಟಿರಲಿಲ್ಲ ಅಷ್ಟೇ. ಶ್ರಾವಣ ಬಂದ ಕೂಡಲೇ ಮಾತು ಮುಗಿಯುವುದಿತ್ತು.

ಮನೆಯಲ್ಲಿ ಹೇಳಿದೆ. ನಮ್ಮವರು ನಗಲಿಲ್ಲ, ಅದಕ್ಕೆ ಅವರಿಗೆ ಇವತ್ತಿಗೂ ಥ್ಯಾಂಕ್ಸ್. ನಕ್ಕದ್ದು ನಮ್ಮ ಭಾವ. "ಕಾನ್ವೆಂಟಲ್ಲಿ ಓದಿ ರಾಗಿ ಬೀಸ್ತೀಯೇನಮ್ಮಾ? ಬಿಟಿಎಂ ಕಡೆ ಒಂದು ಸೈಟ್ ತಗೋ" ಅಂದರು. ಬಿಟಿಎಂ ಲೇಔಟ್ ಅಂದರೆ ಆಗ ಕಲ್ಲು ನೆಟ್ಟ ಬಯಲು. ಸೈಟು ಊಟ ಹಾಕಲ್ಲವಲ್ಲ ಭಾವ, ಅಂದೆ. ಈಗ ಅದರ ರೇಟು ಕೇಳಿದರೆ ತಲೆ ತಿರುಗುತ್ತೆ, ಅದು ಬೇರೆ ಮಾತು.

ಭಾವ ಒಳ್ಳೆಯವರು, ಸೆಕೆಂಡ್ ಹ್ಯಾಂಡ್ ಸ್ಕೂಟರ್ ವ್ಯಾಪಾರದಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಬಿಡುವುದಿಲ್ಲ ಅಂತ ಗೊತ್ತಾದ ಮೇಲೆ ಅವರೇ ಮುಂದೆ ನಿಂತರು. "ನೋಡು, ಮೊದಲು ಮಾಲನ್ನ ಹೀಗಳೀಬೇಕು. ನಮಗೆ ಬೇಕು ಅಂತ ಮುಖದಲ್ಲಿ ತೋರಿಸಬಾರ್ದು. ಲಾಕೌಟ್ ಸುದ್ದಿಯಂತೂ ಎತ್ತಲೇಬೇಡ" ಅಂತ ನನಗೆ ಪಾಠ ಮಾಡಿದರು. ನಾನೂ ಸ್ಕೂಲಿನಲ್ಲಿ ಎಲೊಕ್ಯೂಷನ್ ಅಂತ ಭಾಷಣದ ಪ್ರೈಜ್ ತಗೊಂಡವಳು, ಕನ್ನಡಿ ಮುಂದೆ ನಿಂತು ಪ್ರ್ಯಾಕ್ಟೀಸ್ ಮಾಡಿದೆ. ಇನ್ವೆಸ್ಟ್‌ಮೆಂಟು, ಕಂಡೀಷನ್ನು, ಪಾರ್ಟಿ, ಇಂಥ ಪದಗಳೆಲ್ಲ ಅದರಲ್ಲಿದ್ದವು.

ಒಂದು ಬೆಳಿಗ್ಗೆ ಹೋದೆವು. ಭಾವ ಸೀದಾ ಒಳಗೆ ಹೋಗಿ ಬೆಲ್ಟನ್ನು ಚಿವುಟಿ ನೋಡಿದರು.

"ಇದು ಹೋಯ್ತು. ಇನ್ನೊಂದು ತಿಂಗಳು ಬಂದ್ರೆ ಹೆಚ್ಚು."

ಭಾವ ಬಗ್ಗಿ ಕಲ್ಲನ್ನು ಬೆರಳಲ್ಲಿ ಕುಟ್ಟಿದರು.

"ಸವೆದಿದೆ. ಮೋಟಾರು ಕೂಡ ಸೆಕೆಂಡ್ ಹ್ಯಾಂಡೇ ಇರ್ಬೇಕು, ಅಲ್ವಾ?"

"ಹೊಸದೇ ತಂದಿದ್ದು ಸ್ವಾಮಿ."

"ಹಾಗೆ ಕಾಣಲ್ಲ ಬಿಡಿ."

ಅಲ್ಲಿಗೆ ನನ್ನ ಸರದಿ. ನಾನು ಗಂಟಲು ಸರಿಮಾಡಿಕೊಂಡು, ಈ ಕಂಡೀಷನ್ನಿನಲ್ಲಿ ನಾವು ಇನ್ವೆಸ್ಟ್ ಮಾಡೋದು ಕಷ್ಟ, ಆದರೂ ಒಂದು ರೀಸನಬಲ್ ಪ್ರೈಸ್ ಹೇಳಿದರೆ, ಅಂತ ಶುರುಮಾಡಿದೆ. ಯಜಮಾನರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತಿರುಗಿ ಹೋಗಿ ಸ್ವಿಚ್ ಹಾಕಿಬಿಟ್ಟರು. ಕಲ್ಲಿಗೆ ಒಂದು ಕಾಳೂ ಹಾಕಿರಲಿಲ್ಲ. ಬರೀ ಮಿಲ್ಲು ಓಡಿತು. ಭಾವ ಬಾಯಿ ಆಡಿಸುತ್ತಿದ್ದರು, ಯಜಮಾನರು ಕಿವಿಗೆ ಕೈ ಅಡ್ಡ ಹಿಡಿದು "ಆಂ? ಆಂ?" ಅನ್ನುತ್ತಿದ್ದರು. ಅಕ್ಕ ಸಾಲಿನಲ್ಲಿದ್ದ ಡಬ್ಬಗಳನ್ನು ಸುಮ್ಮನೆ ಹಿಂದೆ ಮುಂದೆ ಸರಿಸುತ್ತಾ ನಿಂತಿದ್ದರು, ನನ್ನ ಕಡೆ ನೋಡಲೇ ಇಲ್ಲ. ನಾವು ಹೊರಗೆ ಬಂದು ಸ್ಕೂಟರ್ ಹತ್ತಿದ ಮೇಲೆ ಸದ್ದು ನಿಂತಿತು.

"ಬರ್ತಾನೆ ನೋಡು, ಎರಡು ದಿನದಲ್ಲಿ ದಾರಿಗೆ ಬರ್ತಾನೆ" ಅಂದರು ಭಾವ. ಅವರ ಸ್ಕೂಟರ್ ಪಾರ್ಟಿಗಳು ಹಾಗೇ ಬರುತ್ತಿದ್ದರಂತೆ. ಎರಡು ದಿನ ಆಯಿತು, ವಾರ ಆಯಿತು. ಮನೆಯಲ್ಲಿ ಗೋಧಿ ಹಿಟ್ಟು ಮುಗಿಯಿತು, ಡಬ್ಬ ಹಿಡಿದು ಮಿಲ್ಲಿಗೆ ಹೋಗಲು ನನಗೆ ಮುಖ ಇಲ್ಲ. ಅಕ್ಕ ನನ್ನನ್ನು ನೋಡದೇ ಇದ್ದದ್ದೇ ಕಣ್ಣಮುಂದೆ ಬರುತ್ತಿತ್ತು. ಅಷ್ಟು ವರ್ಷದಲ್ಲಿ ಅಕ್ಕ ನನಗೆ ಹಾಗೆ ಮಾಡಿದ್ದು ಅದೇ ಮೊದಲು.

ಕೊನೆಗೆ ಒಂದು ಮಧ್ಯಾಹ್ನ ಮಕ್ಕಳು ಸ್ಕೂಲಿಗೆ ಹೋಗಿದ್ದಾಗ ಒಬ್ಬಳೇ ಹೊರಟೆ. ಏನು ಹೇಳಬೇಕು ಅಂತ ಪ್ರ್ಯಾಕ್ಟೀಸ್ ಮಾಡಿರಲಿಲ್ಲ. ಲೋಡ್ ಶೆಡ್ಡಿಂಗ್ ಸಮಯ ಅದು, ಕರೆಂಟ್ ಇರಲಿಲ್ಲ. ಮಿಲ್ಲಿನಲ್ಲಿ ಜನವೂ ಇರಲಿಲ್ಲ. ಅಕ್ಕ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಯಜಮಾನರು ಖಾಲಿ ಗೋಣಿಚೀಲದ ಮೇಲೆ ಒರಗಿದ್ದವರು ನನ್ನನ್ನು ನೋಡಿ ಎದ್ದು ಕೂತರು.

"ಬನ್ನಿ ಕಾನ್ವೆಂಟಮ್ಮ. ಇವತ್ತು ಕರೆಂಟಿಲ್ಲ, ನಾನು ತಪ್ಪಿಸ್ಕೊಳ್ಳೋ ಹಂಗಿಲ್ಲ. ಬೆಲ್ಟು ಹರಿದೋಗೈತೆ, ಕಲ್ಲು ಸವೆದೋಗೈತೆ. ಇನ್ನೇನು ಬಾಕಿ ಐತೆ, ಹೇಳಿ."

"ಅದನ್ನ ಮರೆತುಬಿಡಿ ಯಜಮಾನ್ರೇ" ಅಂದೆ. "ನನಗೆ ಮಿಲ್ಲು ಬೇಕು."

"ಯಾಕೆ? ನಿಮ್ಮಂಥೋರು ಟೀಚರ್ ಆಗ್ಬೇಕಪ್ಪ. ಮಿಲ್ ಕಟ್ಕೊಂಡು ಏನ್ಮಾಡ್ತೀರಿ?"

ಅಕ್ಕ ಪಕ್ಕಕ್ಕೆ ಸರಿದು ಹೊಸ್ತಿಲಲ್ಲಿ ಜಾಗ ಮಾಡಿದರು. ನಾನು ಕೂತೆ. ಕೂತ ಮೇಲೆ ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳಿದೆ.

"ಮದುವೆಯಾಗಿ ಈ ಏರಿಯಾಗೆ ಬಂದಾಗ ನನಗೆ ಇಲ್ಲಿ ಒಂದು ನರಪಿಳ್ಳೆನೂ ಗೊತ್ತಿರ್ಲಿಲ್ಲ ಅಕ್ಕ. ನಮ್ಮತ್ತೆ ಕೆಟ್ಟೋರಲ್ಲ, ಆದ್ರೆ ಮಾತು ಕಡಿಮೆ. ಇವರು ಬೆಳಿಗ್ಗೆ ಹೋದ್ರೆ ರಾತ್ರಿ. ನನ್ನ ಕನ್ನಡ ಕೇಳಿದ್ರೆ ಪಕ್ಕದ್ಮನೆಯವರು ನಗ್ತಿದ್ರು. ಮೊದಲನೇ ಸಲ ನಮ್ಮತ್ತೆ ರಾಗಿ ಕೊಟ್ಟು ಇಲ್ಲಿಗೆ ಕಳಿಸಿದಾಗ ನಾನು ಕಲ್ಲು ಆಯದೇ ತಂದಿದ್ದೆ. ಯಜಮಾನ್ರು ಬೈಲಿಲ್ಲ..."

"ಬೈದಿದ್ದೆ" ಅಂದರು ಯಜಮಾನರು. "ಮಿಲ್ ಸದ್ದಿಗೆ ನಿಮಗೆ ಕೇಳಿಸಿರಲ್ಲ."

"ನೀವು ಸುಮ್ನಿರಿ" ಅಂದರು ಅಕ್ಕ. "ನೀವು ಹೇಳಿ."

"ನೀವು ಮೊರ ಕೊಟ್ರಿ ಅಕ್ಕ. ಕ್ಯೂನಲ್ಲಿದ್ದ ನಾಲ್ಕು ಜನ ಹೆಂಗಸರು ನನ್ನ ಸುತ್ತ ಕೂತು ಕಲ್ಲು ಆಯ್ದರು. ನನಗೆ ಕೇರೋಕೆ ಬರಲ್ಲ ಅಂತ ನೋಡಿ ಅವರು ನಕ್ಕರು, ಅವರ ಜೊತೆ ನಾನೂ ನಕ್ಕೆ. ಮದುವೆಯಾದ ಮೇಲೆ ನಾನು ಅಷ್ಟು ನಕ್ಕಿದ್ದು ಅವತ್ತೇ. ಆಮೇಲೆ ಯಾವಾಗ ಹಿಟ್ಟು ಮುಗಿಯುತ್ತೋ ಅಂತ ಕಾಯ್ತಿದ್ದೆ. ಮುಗೀದೇ ಇದ್ರೆ ಏನ್ಮಾಡೋದು? ಅದಕ್ಕೆ ಡಬ್ಬದಲ್ಲಿ ಅರ್ಧ ಗೋಧಿ ಮನೇಲೇ ತೆಗೆದಿಟ್ಟು ಅರ್ಧ ತರ್ತಿದ್ದೆ. ಉಳಿದರ್ಧ ಹಿಡ್ಕೊಂಡು ಮೂರು ದಿನ ಬಿಟ್ಟು ಮತ್ತೆ ಬರ್ತಿದ್ದೆ. ಈ ಕ್ಯೂನಲ್ಲಿ ನಿಂತ್ಕೊಳ್ಳೋಕೆ ಬರ್ತಿದ್ದೆ, ಅಷ್ಟೇ. ಇಲ್ಲಿ ಕ್ಯಾಸೆಟ್ ಅಂಗಡಿ ಆದ್ರೆ ನಾನು ಎಲ್ಲಿಗೆ ಹೋಗ್ಲಿ?"

ಅಕ್ಕನ ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತಿತ್ತು.

"ಏನಂದ್ರಿ? ಅರ್ಧರ್ಧ ಬೇಕೂ ಅಂತಲೇ ತರ್ತಿದ್ರಾ?"

"ಹೌದು ಅಕ್ಕ."

"ಅಯ್ಯೋ ನಿಮ್ಮ ಮನೆ ಕಾಯ್ವಾಗ!" ಅಕ್ಕ ಎದ್ದು ಹೋಗಿ ಬಾಯಿ ಖಾಲಿ ಮಾಡಿಕೊಂಡು ಬಂದರು. "ನಾನು ನಿಮ್ಮನೇಲಿ ಒಂದೇ ಸಲಕ್ಕೆ ಡಬ್ಬ ತುಂಬ ಗೋಧಿ ತರೋಕೂ ಗತಿ ಇಲ್ಲ ಅಂತ ತಿಳ್ಕೊಂಡಿದ್ದೆ ಕಣಮ್ಮ! ಇಷ್ಟು ಚೆಂದಾಗಿ ಸೀರೆ ಉಟ್ಕೊಂಡು, ಇಂಗ್ಲೀಸು ಮಾತಾಡ್ಕೊಂಡು, ಪಾಪ, ಹೊಟ್ಟೆಗಿಲ್ದೆ ಇದ್ರೂ ಮರ್ಯಾದೆಯಿಂದ ಇದ್ದಾರೆ ಅಂತ. ಪ್ರತಿ ಸಲ ಒಂದು ಬೊಗಸೆ ಹಿಟ್ಟು ಸೇರಿಸಿ ಕಳಿಸ್ತಿದ್ನಲ್ಲ ನಾನು!"

"ಯಾವ ಹಿಟ್ಟು?" ಅಂದರು ಯಜಮಾನರು.

"ನಮ್ದೇ. ಇನ್ಯಾರ್ದು?"

"ಎಷ್ಟು ವರ್ಷದಿಂದ?"

"ನಿಮಗ್ಯಾಕೆ ಆ ಲೆಕ್ಕ, ಸುಮ್ನಿರಿ."

ನನಗೆ ಆಗ ಹೊಳೆಯಿತು. ನಮ್ಮತ್ತೆ ಯಾವಾಗಲೂ ಹೇಳುತ್ತಿದ್ದರು, ಬೇರೆ ಮಿಲ್ಲಿನ ಹಿಟ್ಟು ಹೀಗಿರಲ್ಲ, ಈ ಮಿಲ್ಲಿಂದು ಬಹಳ ಒದಗುತ್ತೆ ಅಂತ. ಅದನ್ನು ಹೇಳಿದೆ. ಯಜಮಾನರು ನಗಲು ಶುರುಮಾಡಿದರು. ನಗು ಕೆಮ್ಮಿಗೆ ತಿರುಗಿ, ಕೆಮ್ಮು ನಿಲ್ಲದೆ, ಅಕ್ಕ ಎದ್ದು ನೀರು ಕೊಡಬೇಕಾಯಿತು. ನೀರು ಕುಡಿದು ಮತ್ತೆ ನಕ್ಕರು. "ಒದಗದೆ ಏನು! ಒದಗುತ್ತೆ ಒದಗುತ್ತೆ!"

ಆ ನಗುವಿನ ಮಧ್ಯೆ ನನ್ನ ಬಾಯಿಂದ ಇನ್ನೊಂದು ಮಾತು ಬಂತು. ಭಾವ ಎತ್ತಬೇಡ ಅಂದಿದ್ದ ಮಾತು.

"ಆಗ ಕಷ್ಟ ಇರ್ಲಿಲ್ಲ ಅಕ್ಕ. ಈಗಿದೆ."

ಲಾಕೌಟಿನದ್ದು, ಶೇವ್ ಮಾಡಿಕೊಂಡು ಕೂರುವವರದ್ದು, ಕರಗುತ್ತಿರುವ ಅಪ್ಪನ ಹಣದ್ದು, ಎಲ್ಲ ಹೇಳಿದೆ. ದೊಡ್ಡದಾಗಿ ಏನೂ ಹೇಳಲಿಲ್ಲ, ಅಳಲೂ ಇಲ್ಲ. ಮೆಲ್ಲಗೆ ಹೇಳಿದರೂ ಕೇಳಿಸುವಷ್ಟು ನಿಶ್ಶಬ್ದ ಆ ಮಿಲ್ಲಿನಲ್ಲಿ ಅವತ್ತಿತ್ತು. ಯಜಮಾನರು ಮೀಸೆಯ ಹಿಟ್ಟು ಒರೆಸಿಕೊಳ್ಳುತ್ತಾ, "ಆಷಾಢ ಕಳೀಲಿ ನೋಡೋಣ" ಅಂದರು. ಅಷ್ಟೇ. ಕೊಡ್ತೀನಿ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಕ್ಯಾಸೆಟ್ಟಿನವರು ನಮಗಿಂತ ಹೆಚ್ಚು ಕೊಡುವವರು ಅಂತ ನನಗೆ ಗೊತ್ತಿತ್ತು. ಬಿಸಿಲಲ್ಲಿ ಮನೆಗೆ ನಡೆದುಬಂದೆ. ಇನ್ನು ನನ್ನ ಕೈಲಿ ಮಾಡುವುದು ಏನೂ ಉಳಿದಿರಲಿಲ್ಲ.

ಭೀಮನ ಅಮಾವಾಸ್ಯೆ ಕಳೆದ ಮಾರನೇ ಬೆಳಿಗ್ಗೆ ಗೇಟಿನ ಸದ್ದಾಯಿತು. ಅಕ್ಕ. ಅವರು ನಮ್ಮನೆಗೆ ಬಂದವರೇ ಅಲ್ಲ. ಹೊಸ ಸೀರೆ, ತಲೆ ತುಂಬ ಹೂವು. ನಮ್ಮತ್ತೆ ವರಾಂಡದಲ್ಲಿ ಹುರುಳಿಕಾಯಿ ನಾರು ಬಿಡಿಸುತ್ತಿದ್ದರು.

"ನಿಮ್ಮ ಸೊಸೆ ನಮಗೆ ಭಾರೀ ಮೋಸ ಮಾಡವ್ಳೆ ಕಣಮ್ಮ" ಅಂದರು ಅಕ್ಕ, ನಿಂತಲ್ಲಿಂದಲೇ.

ನಮ್ಮತ್ತೆಯ ಕೈ ನಿಂತಿತು. ಅಕ್ಕ ಕೂತುಕೊಂಡು ಅರ್ಧ ಗೋಧಿಯ ಕಥೆಯನ್ನು ನನಗಿಂತ ಚೆನ್ನಾಗಿ, ಕೈ ಬಾಯಿ ತಿರುಗಿಸಿ ಹೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ, ಅತ್ತೆ ಏನನ್ನುತ್ತಾರೋ ಅಂತ ಕಿವಿಗೊಟ್ಟು. ಅತ್ತೆ ಒಂದು ಹುರುಳಿಕಾಯಿ ಮುರಿದರು.

"ನನಗೆ ಗೊತ್ತಿತ್ತು" ಅಂದರು. "ಗೋಧಿ ಅಳೆದು ಕೊಟ್ಟೋಳು ನಾನು, ಅದರಲ್ಲಿ ಅರ್ಧನ ಡ್ರಮ್ಮಿನ ಹಿಂದೆ ಮುಚ್ಚಿಟ್ರೆ ಕಾಣಲ್ವಾ? ಹುಡುಗಿ ಹೋಗಿ ನಾಲ್ಕು ಜನರ ಜೊತೆ ಮಾತಾಡಿ ಬರ್ಲಿ ಅಂತ ಸುಮ್ನಿದ್ದೆ. ನನಗಂತೂ ಮಾತು ಬರಲ್ಲ."

ನಾನು ಬಾಗಿಲ ಹಿಂದಿನಿಂದ ಹೊರಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಬಂದಾಗ ಅಕ್ಕ ನನ್ನ ಕೈಗೆ ಎಲೆ ಅಡಿಕೆ ಇಟ್ಟರು. "ನಾಳೆ ಬುಧವಾರ, ನಿಮ್ಮೆಜಮಾನ್ರನ್ನ ಕರ್ಕೊಂಡು ಬನ್ನಿ. ನಮ್ಮೋರು ಒಂದೇ ಕಂಡೀಸನ್ ಹಾಕವ್ರೆ. ಆ ನಿಮ್ಮ ಭಾವನ್ನ ಮಾತ್ರ ತರಬ್ಯಾಡಿ."

ಹೀಗೆ ಮಿಲ್ಲು ನಮ್ಮದಾಯಿತು. ಮೊದಲ ತಿಂಗಳು ಯಜಮಾನರು ಮೂಗಿಗೆ ಟವೆಲ್ ಕಟ್ಟಿಕೊಂಡು ಬಂದು ಪಕ್ಕದಲ್ಲಿ ನಿಂತು ಕಲಿಸಿದರು. ಮೆಣಸಿನಕಾಯಿ ಬೀಸುವ ಮೆಷಿನ್ ಬೇರೆ, ಗೋಧಿಯದು ಬೇರೆ. ನಾನು ಒಂದು ದಿನ ಮಾತಿನ ಭರದಲ್ಲಿ ಗೋಧಿಯನ್ನು ಮೆಣಸಿನಕಾಯಿ ಮೆಷಿನ್ನಿಗೆ ಸುರಿದೆ. ಸಂಜೆ ಎದುರು ರಸ್ತೆಯ ಒಬ್ಬರು ಬಂದು, "ಏನ್ರೀ, ಚಪಾತಿಗೆ ಪಲ್ಯವೇ ಬೇಡ ಅನ್ನೋ ಹಾಗೆ ಮಾಡಿದ್ದೀರಿ" ಅಂದರು. ಫ್ಯಾಕ್ಟರಿ ಗೇಟು ಕೊನೆಗೂ ತೆಗೆಯಲಿಲ್ಲ. ನಮ್ಮವರು ಶೇವ್ ಮಾಡಿಕೊಂಡು ರೆಡಿಯಾಗಿ ಮಿಲ್ಲಿಗೆ ಬರತೊಡಗಿದರು. ತೂಕದ ತಕ್ಕಡಿ ಅವರದು, ಮಾತು ನನ್ನದು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಡಬ್ಬ ಹಿಡಿದು ಬಾಗಿಲಲ್ಲಿ ತಡವರಿಸಿದರೆ ನಾನೇ ಕೂಗುತ್ತಿದ್ದೆ, ಬಾಮ್ಮ ಒಳಗೆ, ಇಲ್ಲಿ ಯಾರೂ ಕಚ್ಚಲ್ಲ. ನಮ್ಮಿಬ್ಬರು ಮಕ್ಕಳು ಆ ಗಲಾಟೆಯಲ್ಲೇ ಗೋಣಿಚೀಲದ ಮೇಲೆ ಕೂತು ಹೋಂವರ್ಕ್ ಮಾಡಿ ಓದಿ ಮೇಲೆ ಬಂದರು. ಭಾವ ಕೂಡ, ಸತ್ಯ ಹೇಳಬೇಕು, ಎಲ್ಲೆಲ್ಲೋ ಅಲೆದು ನಮಗೆ ಒಳ್ಳೇ ಬೆಲ್ಟ್ ತಂದುಕೊಟ್ಟರು. ಯಾರಿಗೆಲ್ಲ ಋಣಿ ಅಂತ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಒಂದೊಂದು ಸಲ ಮಲಗುವ ಮುಂಚೆ ಪ್ರೇಯರ್ ಹಾಗೆ ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತೇನೆ, ಕಾನ್ವೆಂಟಿನ ಅಭ್ಯಾಸ.

ಅಕ್ಕ ಉತ್ತರಹಳ್ಳಿಗೆ ಹೋದ ಮೇಲೂ ವರ್ಷಕ್ಕೆ ಎರಡು ಮೂರು ಸಲ ರಾಗಿ ಹೊತ್ತು ಬಸ್ಸಿನಲ್ಲಿ ನಮ್ಮಲ್ಲಿಗೇ ಬರುತ್ತಿದ್ದರು. ಅಲ್ಲೂ ಮಿಲ್ಲು ಆಗಿತ್ತು. "ಅವನು ರಾಗಿ ಸುಟ್ಟಾಕ್ತಾನೆ" ಅನ್ನುತ್ತಿದ್ದರು. ಯಜಮಾನರ ಕೆಮ್ಮು ಹಸುಗಳ ಮಧ್ಯೆ ಕಡಿಮೆಯಾಗಿದೆ, ಬೈಗುಳ ಜಾಸ್ತಿಯಾಗಿದೆ ಅಂತ ಸುದ್ದಿ ಹೇಳುತ್ತಿದ್ದರು.

ಕೊನೆಯ ಸಲ ಬಂದದ್ದು ಎಂಬತ್ತರ ದಶಕ ಮುಗಿಯುತ್ತಾ ಬಂದಾಗ, ಸಂಕ್ರಾಂತಿಯ ಆಸುಪಾಸು. ಬೆನ್ನು ಸ್ವಲ್ಪ ಬಾಗಿತ್ತು. ಕ್ಯೂ ಉದ್ದಕ್ಕಿತ್ತು. ಮುಂದೆ ಬನ್ನಿ ಅಕ್ಕ ಅಂದರೆ ಕೇಳಲಿಲ್ಲ. "ನಾನೇ ಕ್ಯೂ ಮುರಿದ್ರೆ ನಿಮ್ಮ ಮಾತು ಯಾರು ಕೇಳ್ತಾರೆ?" ಅಂತ ಕೊನೆಯಲ್ಲೇ ನಿಂತರು. ಅಷ್ಟು ಹೊತ್ತಿನಲ್ಲಿ ಹಿಂದೆ ಮುಂದೆ ನಿಂತ ಹೆಂಗಸರ ಮನೆಯ ಕಥೆಯೆಲ್ಲ ತಿಳಿದುಕೊಂಡರು. ಅವರ ಸರದಿ ಬಂದಾಗ ನಾನೇ ಬೀಸಿದೆ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ಪರವಾಗಿಲ್ಲ ಕಾನ್ವೆಂಟಮ್ಮ, ಕಲ್ತಿದ್ದೀರ" ಅಂದರು.

ಊಟ ಮಾಡಿಕೊಂಡು ಹೋಗಿ ಅಂದೆ. ಹಾಲು ಕರೆಯೋ ಹೊತ್ತಿಗೆ ಹೋಗ್ಬೇಕು ಅಂದರು. ಬಸ್ ಸ್ಟಾಪಿನ ತನಕ ಚೀಲ ನಾನು ಹಿಡಿದುಕೊಂಡೆ. ಬಸ್ಸು ಬಂತು, ತುಂಬಿತ್ತು. ಕಂಡಕ್ಟರ್ ಚೀಲ ನೋಡಿ, "ಲಗೇಜ್ ಆಗುತ್ತೆ ಅಜ್ಜಿ" ಅಂದ.

"ಲಗೇಜ್ ಏನಪ್ಪ, ಇದು ಊಟ. ನಿಮ್ಮನೇಲಿ ಮುದ್ದೆ ಉಣ್ಣಲ್ವಾ?"

ಬಸ್ಸಿನಲ್ಲಿದ್ದವರು ನಕ್ಕರು. ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು. ಅಕ್ಕ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತು, ಪಕ್ಕದವಳಿಗೆ ಏನೋ ಹೇಳಲು ಶುರುಮಾಡಿಯೇ ಬಿಟ್ಟರು. ಬಸ್ಸು ಬನಶಂಕರಿ ಕಡೆಗೆ ಹೊರಟಾಗ ನಾನು ಕೈಯೆತ್ತಿದೆ. ಅವರು ಮಾತಿನಲ್ಲಿ ಮುಳುಗಿದ್ದರು, ನೋಡಲಿಲ್ಲ.